ಕಾಂಡ್ಲ ನೆಡುವ ಮುನ್ನ ಕೆಸರಿನ ಎತ್ತರ ನೋಡಿ

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಇಳಿತವಾದಾಗ ಎಕರೆಗಟ್ಟಲೆ ಕೆಸರು ಬಯಲಾಗುತ್ತದೆ. ಹೊರಗಿನವರ ಕಣ್ಣಿಗೆ ಅದು ಖಾಲಿ ಜಾಗ, ಕಾಂಡ್ಲ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರ) ನೆಡಲು ಹೇಳಿ ಮಾಡಿಸಿದ್ದು. ಆದರೆ ಆ ಕೆಸರಿನಲ್ಲಿ ಗೇಣುದ್ದದೊಳಗೆ ಬಳಚು ಎಂಬ ತಿನ್ನುವ ಚಿಪ್ಪುಜೀವಿ ಇದೆ. ಅದನ್ನು ಹೆಕ್ಕಿ ಮನೆ ನಡೆಸುವ ಹೆಂಗಸರಿದ್ದಾರೆ. ಚಳಿಗಾಲದಲ್ಲಿ ಸಾವಿರಾರು ಕಿಲೋಮೀಟರ್ ಹಾರಿ ಬರುವ ಹಕ್ಕಿಗಳು ಹುಳ ಹುಡುಕುವುದೂ ಅಲ್ಲಿಯೇ. ದಟ್ಟ ಮರಗಳೆದ್ದರೆ ಬಳಚಿನ ನೆಲ ಬೇರಿನಿಂದ ತುಂಬುತ್ತದೆ; ಶತ್ರುವನ್ನು ದೂರದಿಂದಲೇ ಕಾಣಬೇಕಾದ ಹಕ್ಕಿಗಳು ಆ ಕಡೆ ಇಳಿಯುವುದಿಲ್ಲ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಮನ್ನಣೆ ಕಾಂಡ್ಲಕ್ಕೆಷ್ಟೋ ಬರಿಯ ಕೆಸರಿಗೂ ಅಷ್ಟೇ ಸಲ್ಲಬೇಕು.

ಯಾವ ನೆಲ ಯಾರದ್ದು ಎಂಬುದನ್ನು ಸಮುದ್ರವೇ ತೀರ್ಮಾನಿಸಿದೆ. ಕಾಂಡ್ಲ ಸಹಜವಾಗಿ ಬೆಳೆಯುವುದು ಸರಾಸರಿ ಸಮುದ್ರ ಮಟ್ಟಕ್ಕೂ ಹುಣ್ಣಿಮೆ–ಅಮಾವಾಸ್ಯೆಯ ಭರತದ ಗೆರೆಗೂ ನಡುವಿನ ಪಟ್ಟಿಯಲ್ಲಿ. ಅದಕ್ಕಿಂತ ಕೆಳಗೆ ನೆಟ್ಟ ಸಸಿ ದಿನದ ಹೆಚ್ಚು ಹೊತ್ತು ನೀರಿನಲ್ಲೇ ಇರುತ್ತದೆ. ಬೇರಿಗೆ ಉಸಿರಿಲ್ಲ, ಕಾಂಡಕ್ಕೆ ಕಲ್ಲುಚಿಪ್ಪಿನ ಜೀವಿಗಳು ಮೆತ್ತಿಕೊಳ್ಳುತ್ತವೆ, ಆ ಭಾರಕ್ಕೆ ಸಸಿ ಬಾಗಿ ಸಾಯುತ್ತದೆ. ಲಕ್ಷಗಟ್ಟಲೆ ಗಿಡ ನೆಟ್ಟೆವೆಂದು ಹೇಳಿಕೊಳ್ಳುವ ಕಾರ್ಯಕ್ರಮಗಳು ಜಗತ್ತಿನ ಎಷ್ಟೋ ಕಡೆ ಸೋತಿರುವುದು ಇದರಿಂದಲೇ. ಮೇಲಿನ ಪಟ್ಟಿ ಖಾಸಗಿ ಜಮೀನಾಗಿರುತ್ತದೆ, ಕೆಳಗಿನದಕ್ಕೆ ವಾರಸುದಾರರಿಲ್ಲವೆಂದು ತೋರುತ್ತದೆ, ಹಾಗಾಗಿ ತಪ್ಪು ಜಾಗದಲ್ಲೇ ನೆಡುತ್ತಾರೆ.

ಸರಿಯಾದ ಎತ್ತರ ಗುರುತಿಸಲು ಹತ್ತಿರದ ಹಳೆಯ ಕಾಂಡ್ಲವನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಅದರ ಬುಡಕ್ಕೆ ನೀರು ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಹದಿನೈದು ದಿನ ಗಮನಿಸಿ, ಹೊಸ ಜಾಗದಲ್ಲೂ ಅದೇ ಲೆಕ್ಕ ಬರುತ್ತದೆಯೇ ನೋಡಬೇಕು. ಊರುಗೋಲಿನಂಥ ಬೇರು ಬಿಡುವ ಜಾತಿಯ ಕಾಯಿ ಮಳೆಗಾಲದಲ್ಲಿ ಮರದ ಮೇಲೆಯೇ ಮೊಳೆತು ಕೋಲಿನಂತೆ ಇಳಿಬಿದ್ದಿರುತ್ತದೆ. ಅದರ ಮೇಲ್ತುದಿಯಲ್ಲಿ, ಕಾಯಿಗೆ ಅಂಟಿದ ಕಡೆ, ತಿಳಿ ಬಣ್ಣದ ಉಂಗುರ ಮೂಡಿದರೆ ಬಲಿತಿದೆ ಎಂದರ್ಥ. ಅದರ ಮೂರನೇ ಒಂದು ಭಾಗವನ್ನು ಕೆಸರಿಗೆ ಊರಿದರೆ ಸಾಕು. ಇನ್ನೂ ಒಳ್ಳೆಯ ದಾರಿಯೆಂದರೆ ಮುಚ್ಚಿಹೋದ ಕಾಲುವೆಯನ್ನು ತೆರೆದು ಭರತದ ನೀರು ಒಳಗೆ ಬರುವಂತೆ ಮಾಡುವುದು. ಆಸುಪಾಸಿನಲ್ಲಿ ತಾಯಿಮರಗಳಿದ್ದರೆ ಬೀಜ ತಾನಾಗಿ ತೇಲಿ ಬಂದು ನೆಲೆಯೂರುತ್ತದೆ.

ಬಳಚಿಗೂ ನಿಯಮ ಬೇಕು. ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ಚಿಪ್ಪು ಹೆಕ್ಕುವುದು ಮಿತಿಮೀರಿದಾಗ ಡಿಸೆಂಬರಿನಿಂದ ಫೆಬ್ರುವರಿವರೆಗೆ, ಮೊಟ್ಟೆಯಿಡುವ ಕಾಲದಲ್ಲಿ, ಕೆಲಸ ನಿಲ್ಲಿಸಿದರು. ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಚಿಕ್ಕದಿರಬಾರದು ಎಂದರು. ಮರಿ ಉಳಿಯಿತು, ಮೀನುಗಾರಿಕೆಯೂ ಉಳಿಯಿತು. ಅಲ್ಲಿನ ಚಿಪ್ಪಿನ ಮೀನುಗಾರಿಕೆಗೆ 2014ರಲ್ಲಿ ಅಂತರರಾಷ್ಟ್ರೀಯ ಸುಸ್ಥಿರತೆಯ ಪ್ರಮಾಣಪತ್ರವೂ ಸಿಕ್ಕಿತು.

ಅಘನಾಶಿನಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಗಜನಿ. ಕಟ್ಟೆ ಹಾಕಿ ಉಪ್ಪುನೀರನ್ನು ತಡೆದ ಗದ್ದೆ ಅದು. ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗದ ಮೊಳಕೆ ಬಿತ್ತುತ್ತಾರೆ. ಈ ಭತ್ತ ಉಪ್ಪನ್ನೂ ನೆರೆಯನ್ನೂ ತಾಳಿಕೊಂಡು ಎತ್ತರಕ್ಕೆ ಬೆಳೆಯುತ್ತದೆ; ಗೊಬ್ಬರ ಕೇಳುವುದಿಲ್ಲ. ಕೊಯ್ಲಾದ ಮೇಲೆ ತೂಬು ತೆರೆದರೆ ಭರತದ ಜೊತೆ ಸೀಗಡಿ, ಮೀನಿನ ಮರಿಗಳು ಒಳಬರುತ್ತವೆ, ಕೊಳೆಯುವ ಕೂಳೆಯಿಂದಾಗಿ ಅವುಗಳಿಗೆ ಮೇವು ಸಿಗುತ್ತದೆ. ಇಳಿತದಲ್ಲಿ ತೂಬಿನ ಬಾಯಿಗೆ ಬಲೆ ಕಟ್ಟಿ ಹಿಡಿಯುತ್ತಾರೆ. ಒಂದೇ ನೆಲದಲ್ಲಿ ಅಕ್ಕಿ, ಮೀನು, ಕೊಕ್ಕರೆ.

ಇದು ಕೆಡುವುದು ಎರಡು ಬಗೆಯಲ್ಲಿ. ಸೀಗಡಿ ಗುತ್ತಿಗೆದಾರ ಮೇ ಕಳೆದರೂ ಉಪ್ಪುನೀರನ್ನು ಹೊರಗೆ ಬಿಡದಿದ್ದರೆ ಮಳೆಗೆ ಮಣ್ಣು ತೊಳೆಯಲು ಪುರುಸೊತ್ತಾಗದೆ ಕಗ್ಗ ಮೊಳೆಯುವುದೇ ಇಲ್ಲ. ಗುತ್ತಿಗೆ ಕರಾರಿನಲ್ಲಿ ನೀರು ಖಾಲಿ ಮಾಡುವ ದಿನಾಂಕವನ್ನು ಬರೆಯಿಸಲೇಬೇಕು. ಎರಡನೆಯದು, ಕಟ್ಟೆಯ ಹೊರಮೈಯ ಕಾಂಡ್ಲ ಕಡಿಯುವುದು. ಅಲೆಯ ಪೆಟ್ಟು ನೇರವಾಗಿ ಮಣ್ಣಿಗೆ ಬೀಳುತ್ತದೆ, ಏಡಿ ಕೊರೆದ ಬಿಲ ಬಾಯಿಬಿಡುತ್ತದೆ, ಒಬ್ಬನ ಗದ್ದೆಯ ಬಳಿ ಕಟ್ಟೆ ಒಡೆದರೂ ಉಪ್ಪು ಎಲ್ಲರ ಗದ್ದೆಗೂ ನುಗ್ಗುತ್ತದೆ. ಆ ಸಾಲು ಮರಗಳನ್ನು ಕಾಯುವುದು ಹಾಗಾಗಿ ರೈತನ ಸ್ವಂತ ಕೆಲಸ.

ಕಾಂಡ್ಲ ಸವರಿ ಸೀಗಡಿ ಹೊಂಡ ತೋಡುವುದಂತೂ ನಷ್ಟದ ದಾರಿ. ಆ ಕೆಸರಿನಲ್ಲಿ ಕಬ್ಬಿಣ, ಗಂಧಕ ಕೂಡಿದ ಖನಿಜವಿದೆ. ಒಣಗಿ ಗಾಳಿ ತಾಗಿದರೆ ಅದು ಗಂಧಕಾಮ್ಲವಾಗಿ ನೀರು ಹುಳಿಯಾಗುತ್ತದೆ, ಸೀಗಡಿ ಕುಗ್ಗುತ್ತದೆ. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಕರಾವಳಿಯ ಹೊಂಡಗಳನ್ನು ಖಾಲಿ ಮಾಡಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ಸಾಂಪ್ರದಾಯಿಕ ಮತ್ತು ಸುಧಾರಿತ ಸಾಂಪ್ರದಾಯಿಕ ಪದ್ಧತಿಯ ಸೀಗಡಿ ಕೃಷಿಗಷ್ಟೇ ಅವಕಾಶ ಉಳಿಸಿತು.

ಇನ್ನು ನೀರುನಾಯಿ. ಬಲೆಗೆ ಬಿದ್ದ ಮೀನು ಕಚ್ಚಿ ಬಲೆ ಹರಿಯುತ್ತದೆ ಎಂಬ ಸಿಟ್ಟು ನಿಜವಾದದ್ದೇ. ರಾತ್ರಿಯಿಡೀ ಬಲೆ ಬಿಟ್ಟು ಬರುವ ಬದಲು ಇಳಿತದ ಹೊತ್ತಿಗೆ ಹಾಕಿ ಆಗಲೇ ಎತ್ತಿದರೆ ಹಾನಿ ತಗ್ಗುತ್ತದೆ. ಹರಿದ ಬಲೆಗೆ ಪರಿಹಾರ ಕೊಡುವುದಾದರೆ ಬೇಗ ಕೊಡಬೇಕು. ಬಲೆಯಿಲ್ಲದೆ ಮೀನುಗಾರನೊಬ್ಬ ಎಷ್ಟು ಭರತ ಕಾದಾನು?