ಮಾತು ಬಿಡಿ, ಬೀಗ ನೋಡಿ

ಸಿಂಧನೂರಿನ ಓದುಗರೊಬ್ಬರ ಪ್ರಶ್ನೆ: "ಸರ್, ಇರಾನಿನ ದೊಡ್ಡ ಮಿಲಿಟರಿ ಅಧಿಕಾರಿ ಒಬ್ಬ ಟರ್ಕಿಗೆ ಹೋಗಿ ಮಾಯ ಆದ ಸುದ್ದಿ ಓದಿದೆ. ಅವನ ದೇಶದವರು ಕಿಡ್ನ್ಯಾಪ್ ಅಂತಾರ, ಉಳಿದವರು ತಾನೇ ಓಡಿಹೋದ ಅಂತಾರ. ಇಂಥದ್ರಾಗ ಖರೆ ಯಾವ್ದು ಅಂತ ಹೆಂಗ ತಿಳ್ಕೋಬೇಕ್ರಿ?"

ಒಳ್ಳೆ ಪ್ರಶ್ನೆ. ಇರಾನಿಗೆ ಹೋಗೋ ಮೊದಲು ಗಂಗಾವತಿಗೆ ಬನ್ನಿ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಓಣಿಯಲ್ಲಿ ಒಬ್ಬ ರೈಸ್ ಮಿಲ್ ಗುಮಾಸ್ತ ಇದ್ದ. ಒಂದು ದಿನ ಬೆಳಿಗ್ಗೆ ಅವನ ಸೈಕಲ್ಲು, ಪಕ್ಕದಲ್ಲಿ ಜೋಡಿ ಚಪ್ಪಲಿ ಎಡದಂಡೆ ಕಾಲುವೆ ಮೇಲೆ ಸಿಕ್ಕವು. ಆಳು ಮಾತ್ರ ಇಲ್ಲ. ಊರಿಗೆ ಊರೇ ಕಾಲುವೆ ಕಡೆ ಓಡಿತು. ಮಿಲ್ಲಿನ ಸಾಹುಕಾರರೂ ಬಂದರು, "ಪಾಪ, ಕಾಲು ಜಾರಿರಬೇಕು, ಬಂಗಾರದಂಥ ಮನಷ್ಯಾ" ಅಂತ ಕಣ್ಣು ಒರೆಸಿಕೊಂಡರು. ಅವತ್ತೇ ಸಂಜೆ ಗೋಡೌನಿನ ಮೂರೂ ಬೀಗ ಬದಲಾದವು. ಸುದ್ದಿ ಮನೆಗೆ ಬಂದಾಗ ನಮ್ಮಜ್ಜಿ ಕಟ್ಟೆ ಮೇಲೆ ಕೂತು ಒಗ್ಗರಣೆ ಮಿರ್ಚಿ ತಿನ್ನುತ್ತಿದ್ದಳು. ಕೈ ನಿಲ್ಲಿಸಲೂ ಇಲ್ಲ. "ನೀರಾಗ ಬಿದ್ದಾಂವ ಎದ್ದು ಬಂದು ಕೀಲಿ ತಗೀತಾನೇನು?" ಅಂದಳು.

ಸಾಹುಕಾರರು ಸುಳ್ಳು ಹೇಳಿದರು ಅಂತಲ್ಲ. ಗುಮಾಸ್ತ ಓಡಿಹೋದ ಅಂದರೆ ಮಿಲ್ಲಿನ ಲೆಕ್ಕದಲ್ಲಿ ಏನೋ ಇದೆ ಅಂತ ಆಗುತ್ತೆ, ಸಾಲ ಕೊಟ್ಟವರು ಬಾಗಿಲಿಗೆ ಬರ್ತಾರೆ. ಸತ್ತ ಅಂದರೆ ಎಲ್ಲರಿಗೂ ಮರ್ಯಾದೆ. ದೇಶಗಳೂ ಹೀಗೇ ಮಾಡೋದು.

ಈಗ ನಿಮ್ಮ ಇರಾನ್ ಅಧಿಕಾರಿಗೆ ಬರೋಣ. ಅಲಿ ರೆಜಾ ಅಸ್ಗರಿ. ಇರಾನಿನ ವಿಶೇಷ ಸೇನೆ ರೆವಲ್ಯೂಷನರಿ ಗಾರ್ಡ್‌ನ ಜನರಲ್, ಹಿಂದೆ ಉಪ ರಕ್ಷಣಾ ಸಚಿವ, ಅದಕ್ಕೂ ಮೊದಲು ಲೆಬನಾನಿನಲ್ಲಿ ಇದ್ದು ಅಲ್ಲಿನ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾ ಜೊತೆ ಕೆಲಸ ಮಾಡಿದವನು. ಅಂದರೆ ತಲೆಯಲ್ಲಿ ಹೆಸರುಗಳು, ದಾರಿಗಳು, ದುಡ್ಡಿನ ಲೆಕ್ಕ ಎಲ್ಲ ಇಟ್ಟುಕೊಂಡ ಮನುಷ್ಯ. ಸಿರಿಯಾದ ಡಮಾಸ್ಕಸ್‌ನಿಂದ ಇಸ್ತಾಂಬುಲ್‌ಗೆ ಬಂದ, ಅಲ್ಲಿಂದ ಸುಳಿವಿಲ್ಲ. ಯಾವತ್ತು ಅನ್ನೋದರಲ್ಲೇ ಗೊಂದಲ: ಕೆಲವು ವರದಿ 2006ರ ಡಿಸೆಂಬರ್ ಅಂದವು, ಕೆಲವು 2007ರ ಫೆಬ್ರವರಿ ಅಂದವು. ಮಾರ್ಚ್‌ನಲ್ಲಿ ಇರಾನಿನ ಪೊಲೀಸ್ ಮುಖ್ಯಸ್ಥ, ಪಶ್ಚಿಮದ ಗೂಢಚಾರರು ಅಪಹರಿಸಿರಬಹುದು ಅಂದರು. ಅದೇ ತಿಂಗಳು ಅಮೆರಿಕದ ಪತ್ರಿಕೆಯಲ್ಲಿ, ಆತ ತಾನಾಗಿಯೇ ಬಂದಿದ್ದಾನೆ, ಬಾಯಿ ಬಿಡ್ತಿದ್ದಾನೆ ಅಂತ ಬಂತು.

ಇಬ್ಬರಿಗೂ ಅವರವರ ಮಾತು ಲಾಭದ್ದು, ಗಮನಿಸಿ. ಜನರಲ್ ಓಡಿಹೋದ ಅಂತ ಒಪ್ಪಿಕೊಂಡರೆ ಇರಾನಿನ ಉಳಿದ ಜನರಲ್‌ಗಳು ಏನು ಅಂದುಕೊಳ್ಳಬೇಕು? ಅಪಹರಣ ಅಂದರೆ ನಾವು ಮೋಸ ಹೋದವರಲ್ಲ, ನಮಗೆ ಅನ್ಯಾಯ ಆದದ್ದು ಅಂತಾಗುತ್ತೆ. ಅತ್ತ ಅಮೆರಿಕಕ್ಕೆ "ತಾನೇ ಬಂದ" ಅನ್ನೋದೇ ಬೇಕು, ಯಾಕಂದರೆ ಅದನ್ನು ಓದಿ ಇನ್ನೂ ನಾಲ್ಕು ಜನ ಬರಲಿ ಅಂತ. ಹಾಗಾಗಿ ಹೇಳಿಕೆಗಳನ್ನು ಪಕ್ಕಕ್ಕೆ ಇಡಿ.

ಬೀಗ ಬದಲಾಯಿತಾ ಅಂತ ನೋಡಿ.

ಇದು ಚೆನ್ನಾಗಿ ಕಾಣೋದು ವಿಕ್ಟರ್ ಬೆಲೆಂಕೋ ವಿಷಯದಲ್ಲಿ. ಸೋವಿಯತ್ ಲೆಫ್ಟಿನೆಂಟ್, ದೊಡ್ಡ ಅಧಿಕಾರಿ ಏನಲ್ಲ. 1976ರ ಸೆಪ್ಟೆಂಬರ್ 6ರಂದು ಮಿಗ್-25 ಯುದ್ಧ ವಿಮಾನವನ್ನೇ ತಗೊಂಡು ಜಪಾನಿನ ಹಕೋಡಾಟೆಯಲ್ಲಿ ಇಳಿದ. ದಾರಿ ತಪ್ಪಿದ, ಅವನನ್ನು ಬಲವಂತವಾಗಿ ಹಿಡಿದಿಟ್ಟಿದ್ದಾರೆ ಅಂತ ಮಾಸ್ಕೋ ಹೇಳ್ತಾನೇ ಇತ್ತು. ಹೇಳ್ತಾ ಹೇಳ್ತಾನೇ ತನ್ನ ವಿಮಾನ ಯಾವುದು, ಶತ್ರುವಿನದು ಯಾವುದು ಅಂತ ಗುರುತಿಸುವ ವ್ಯವಸ್ಥೆಯನ್ನು ಬದಲಾಯಿಸೋಕೆ ಕೂತಿತು. ಗಂಗಾವತಿ ಸಾಹುಕಾರರದೇ ಕೆಲಸ, ಖರ್ಚು ಜಾಸ್ತಿ ಅಷ್ಟೇ.

ಅಸ್ಗರಿ ವಿಷಯದಲ್ಲಿ ಜನ ತೋರಿಸೋ ಬೀಗ ಬೇರೆ, ಬದಲಾದದ್ದಲ್ಲ, ಒಡೆದದ್ದು. 2007ರ ಸೆಪ್ಟೆಂಬರ್ 6ರಂದು ಇಸ್ರೇಲ್ ವಿಮಾನಗಳು ಸಿರಿಯಾದ ದೇರ್ ಎಜ್-ಜೋರ್ ಬಳಿ ಒಂದು ಅಣು ರಿಯಾಕ್ಟರ್ ಒಡೆದು ಹಾಕಿದವು (ಇದನ್ನು ಇಸ್ರೇಲ್ ಬಾಯಿ ಬಿಟ್ಟು ಒಪ್ಪಿದ್ದು 2018ರಲ್ಲಿ). ಆ ಸುಳಿವು ಅಸ್ಗರಿಯಿಂದ ಸಿಕ್ಕಿದ್ದು ಅಂತ ಜರ್ಮನಿಯ ರಕ್ಷಣಾ ಇಲಾಖೆಯ ಮಾಜಿ ಅಧಿಕಾರಿಯೊಬ್ಬರು 2009ರಲ್ಲಿ ಬರೆದರು. ಅಲ್ಲ, ಸಿರಿಯಾದ ಅಧಿಕಾರಿಯ ಕಂಪ್ಯೂಟರ್‌ನಿಂದ ಕದ್ದ ಫೋಟೋಗಳೇ ಸಾಕ್ಷಿ ಆದವು ಅಂತ ಇನ್ನೊಂದು ವರದಿ. ಎರಡೂ ಸೇರಿ ಆಗಿರಲೂಬಹುದು. ನನಗೆ ಕೇಳಿದರೆ ತಾನೇ ಹೋದ ಅನ್ನೋ ಕಡೆಗೆ ಸ್ವಲ್ಪ ವಾಲುತ್ತೇನೆ. ಆದರೆ ಪಂದ್ಯ ಕಟ್ಟಲ್ಲ.

ಕುಟುಂಬ ಎಲ್ಲಿದೆ ನೋಡಿ ಅಂತ ಬಹಳ ಜನ ಹೇಳ್ತಾರೆ. ಭಾರತದ ಗೂಢಚರ್ಯೆ ಸಂಸ್ಥೆ ರಾ ದಲ್ಲಿದ್ದ ರಬಿಂದರ್ ಸಿಂಗ್, ಮೊದಲು ಸೇನೆಯಲ್ಲಿ ಮೇಜರ್ ಆಗಿದ್ದವನು, 2004ರಲ್ಲಿ ಹೆಂಡತಿ ಸಮೇತ ನೇಪಾಳದ ದಾರಿ ಹಿಡಿದು ಅಮೆರಿಕ ಸೇರಿದ. ಅಲ್ಲಿ ಅನುಮಾನವೇ ಇಲ್ಲ. ಆದರೆ ಅಸ್ಗರಿ ಮನೆಯವರು ಅವನ ಜೊತೆಗೇ ಹೊರಟುಹೋದರು ಅಂತ ಮೊದಲು ಸುದ್ದಿಯಾಯಿತು, ಆಮೇಲೆ ನೋಡಿದರೆ ಅವರು ಟೆಹರಾನಿನಲ್ಲೇ ಟರ್ಕಿ ರಾಯಭಾರ ಕಚೇರಿ ಮುಂದೆ ನಿಂತಿದ್ದರು. ಮನೆಯವರಿಗೆ ಏನೂ ಹೇಳದೆ ಹೋಗುವವರು ಇರ್ತಾರೆ, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರಬೇಕಾದ ಮನೆಯವರೂ ಇರ್ತಾರೆ. ನಮ್ಮ ಗುಮಾಸ್ತನ ಹೆಂಡತಿ ಬಳೆ ತೆಗೆಯಲಿಲ್ಲ, ಕುಂಕುಮ ಬಿಡಲಿಲ್ಲ. "ಆಕಿಗೆ ಎಲ್ಲಾ ಗೊತ್ತದ" ಅಂತ ಓಣಿಯವರು ಪಿಸುಗುಟ್ಟಿದರು. ಹೆಣ ಸಿಗದೆ ಯಾವ ಹೆಂಗಸು ಬಳೆ ತೆಗೀತಾಳೆ ಹೇಳಿ?

ಸರಿ, ಆ ಮನುಷ್ಯನೇ ಬಂದು ಹೇಳಿದರೆ ಆಯ್ತಲ್ಲ ಅಂತೀರಾ? ಅದೂ ಆಗಿದೆ, ಗೋಜಲು ಇನ್ನೂ ಹೆಚ್ಚಾಯಿತು. ಸೋವಿಯತ್ ಗೂಢಚರ್ಯೆ ಸಂಸ್ಥೆ ಕೆಜಿಬಿಯ ಕರ್ನಲ್ ವಿಟಾಲಿ ಯುರ್ಚೆಂಕೋ 1985ರ ಆಗಸ್ಟ್‌ನಲ್ಲಿ ರೋಮ್‌ನಲ್ಲಿ ಅಮೆರಿಕದ ಕಡೆ ಸೇರಿದ, ಅಮೆರಿಕದಲ್ಲಿದ್ದ ಸೋವಿಯತ್ ಗೂಢಚಾರರ ಸುಳಿವೂ ಕೊಟ್ಟ. ನವೆಂಬರ್‌ನಲ್ಲಿ ವಾಷಿಂಗ್ಟನ್ನಿನ ಹೋಟೆಲೊಂದರಲ್ಲಿ ಕಾವಲುಗಾರನ ಜೊತೆ ಊಟಕ್ಕೆ ಕೂತವನು ಎದ್ದು ಹೊರಗೆ ನಡೆದ, ನೇರ ಸೋವಿಯತ್ ರಾಯಭಾರ ಕಚೇರಿಗೆ ಹೋದ. ಎರಡು ದಿನ ಬಿಟ್ಟು ಪತ್ರಕರ್ತರ ಮುಂದೆ, ನನ್ನನ್ನು ಅಪಹರಿಸಿ ಮದ್ದು ಕೊಟ್ಟಿದ್ದರು ಅಂದ. ಮೊದಲಿಂದಲೂ ನಾಟಕವೋ, ಮನಸ್ಸು ಬದಲಾಯಿತೋ ಅಂತ ತಿಳಿದವರು ಇನ್ನೂ ಜಗಳ ಆಡ್ತಾರೆ. ಇರಾನಿನ ವಿಜ್ಞಾನಿ ಶಹ್ರಾಮ್ ಅಮೀರಿ ಕತೆ ಇನ್ನೂ ಕೆಟ್ಟದ್ದು. 2009ರಲ್ಲಿ ಮದೀನಾ ಯಾತ್ರೆಗೆ ಹೋದಾಗ ಕಾಣೆಯಾದ. ಮುಂದಿನ ವರ್ಷ ಒಂದು ವಿಡಿಯೋದಲ್ಲಿ ಎಳೆದೊಯ್ದರು ಅಂದ, ಇನ್ನೊಂದರಲ್ಲಿ ಓದೋಕೆ ಬಂದಿದ್ದೀನಿ ಅಂದ. 2010ರ ಜುಲೈನಲ್ಲಿ ಟೆಹರಾನಿಗೆ ವಾಪಸ್ ಬಂದಾಗ ಹೂವು ಕೊಟ್ಟು ಸ್ವಾಗತ ಮಾಡಿದರು. 2016ರಲ್ಲಿ ಗಲ್ಲಿಗೆ ಹಾಕಿದರು.

ಸಿಂಧನೂರಿನವರು ಕೇಳಿದ್ದೀರಿ, ರಾಯಚೂರು ಕೋಟೆಗೂ ಇದಕ್ಕೂ ಒಂದು ನಂಟಿದೆ, ಹೇಳದಿದ್ದರೆ ಸಮಾಧಾನ ಇಲ್ಲ. ಕೃಷ್ಣದೇವರಾಯ ಕುದುರೆ ತರೋಕೆ ಸೈಯದ್ ಮರಕ್ಕರ್ ಅನ್ನೋ ವ್ಯಾಪಾರಿಯನ್ನು 40,000 ಚಿನ್ನದ ನಾಣ್ಯ ಕೊಟ್ಟು ಗೋವಾಕ್ಕೆ ಕಳಿಸಿದ, ಆತ ದುಡ್ಡು ಸಮೇತ ಬಿಜಾಪುರದ ಆದಿಲ್ ಶಾಹನ ಹತ್ತಿರ ಸೇರಿಕೊಂಡ ಅಂತ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ರಾಯ ಪತ್ರ ಬರೆದು ಅವನನ್ನು ಕಳಿಸು ಅಂದ. ಆದಿಲ್ ಶಾಹ ಕಳಿಸಲಿಲ್ಲ. ಅವನಿಗೆ ದಾಭೋಳ ಬಂದರು ಕೊಟ್ಟು ಇಟ್ಟುಕೊಂಡ, ಆಮೇಲೆ "ಆ ವ್ಯಾಪಾರಿ ಅಲ್ಲಿಂದಲೂ ಓಡಿಹೋದ, ಎಲ್ಲಿದಾನೋ ಗೊತ್ತಿಲ್ಲ" ಅಂದ. ಈಗಿನ ವಿದೇಶಾಂಗ ಇಲಾಖೆಗಳ ಹೇಳಿಕೆ ಓದಿದ ಹಾಗೇ ಇದೆ ಅಲ್ವಾ? ಅದನ್ನೇ ನೆಪ ಮಾಡಿಕೊಂಡು 1520ರಲ್ಲಿ ರಾಯ ರಾಯಚೂರಿಗೆ ಮುತ್ತಿಗೆ ಹಾಕಿದ.

ಅಸ್ಗರಿ ಬದುಕಿದ್ದರೆ ಎಲ್ಲೋ ಬೇರೆ ಹೆಸರಲ್ಲಿ ಇರ್ತಾನೆ, ಇಲ್ಲ ಅಂದರೆ ಇಲ್ಲ. ಅವನನ್ನು ಇಟ್ಟುಕೊಂಡವರು ಹೇಳಲ್ಲ, ಕಳೆದುಕೊಂಡವರು ಒಪ್ಪಲ್ಲ. ನಮ್ಮ ಕಾನೂನಿನಲ್ಲಾದರೆ ಏಳು ವರ್ಷ ಸುಳಿವಿಲ್ಲದವರನ್ನು ಸತ್ತರು ಅಂತ ಭಾವಿಸಬಹುದು, ಬೇಕಾದವರು ಕೋರ್ಟಿಗೆ ಹೋಗಬೇಕು. ಗುಮಾಸ್ತನ ಹೆಂಡತಿ ಹೋಗಲಿಲ್ಲ. ಆ ಚಪ್ಪಲಿ ಮಾತ್ರ ಬಹಳ ದಿನ ಅವರ ಬಾಗಿಲ ಹತ್ತಿರ, ಮಳೆ ತಾಗದ ಕಡೆ ಇದ್ದವು.