ಆ ಹೊತ್ತಲ್ಲಿ ಅಲ್ಲಿಗ್ಯಾಕೆ ಹೋಗಿದ್ದೆ?

ಹೊರದೇಶದಲ್ಲಿ ಓದುವ, ದುಡಿಯುವ ಮಂದಿಗೆ ಆಪ್ತಸಮಾಲೋಚನೆ ನೀಡುವುದು ನನ್ನ ಕೆಲಸ. ಸುಲಿಗೆಗೆ ಸಿಕ್ಕವರು ಆಗಾಗ ಬರುತ್ತಾರೆ. ಒಬ್ಬರಿಗೆ ಚಾಕು ತೋರಿಸಿ ಬ್ಯಾಗ್ ಕಿತ್ತುಕೊಂಡಿರುತ್ತಾರೆ, ಇನ್ನೊಬ್ಬರ ಬಾಡಿಗೆ ಮನೆಯ ಬೀಗ ಒಡೆದಿರುತ್ತಾರೆ. ವಿಚಿತ್ರವೆಂದರೆ, ನನ್ನೆದುರು ಕೂತಾಗ ಅವರು ಕಳ್ಳನ ಬಗ್ಗೆ ಆಡುವುದು ನಾಲ್ಕು ಮಾತು. ಮಿಕ್ಕಿದ್ದೆಲ್ಲ ಆಮೇಲೆ ಮನೆಗೆ ಮಾಡಿದ ಫೋನಿನ ಬಗ್ಗೆ. "ನಾನಿನ್ನೂ ನಡುಗ್ತಾ ಇದ್ದೆ ಮೇಡಂ. ಅಪ್ಪ ಮೊದಲು ಕೇಳಿದ್ದೇ, ಆ ಹೊತ್ತಲ್ಲಿ ಅಲ್ಲಿಗ್ಯಾಕೆ ಹೋಗಿದ್ದೆ ಅಂತ."

ಕಾರ್ಡ್ ಬ್ಲಾಕ್ ಮಾಡಿಸಿ, ಸಿಮ್ ನಿಲ್ಲಿಸಿ, ದೂರು ಕೊಡಿ ಎಂದು ಹೇಳುವವರು ಬೇಕಾದಷ್ಟಿದ್ದಾರೆ. ನನಗೆ ತಲೆಕೆಟ್ಟಿರುವುದು ಈ ಒಂದು ಪ್ರಶ್ನೆಯಿಂದ. "ಕಾಳಜಿಯಿಂದ ಕೇಳಿದ್ದು" ಅನ್ನುತ್ತಾರೆ ಮನೆಯವರು. ನಂಬುತ್ತೇನೆ. ಕಾಳಜಿ ಇಲ್ಲದವರು ಆ ಅಪರಾತ್ರಿಯಲ್ಲಿ ಫೋನೇ ಎತ್ತುತ್ತಿರಲಿಲ್ಲ. ಆದರೆ ಆ ಪ್ರಶ್ನೆ ಹುಟ್ಟುವುದು ಕೇಳುವವರ ಭಯದಿಂದ, ಸಮಾಧಾನವಾಗಬೇಕಿರುವುದೂ ಅವರಿಗೇ. ಮಗ ಏನೋ ತಪ್ಪು ಮಾಡಿದ್ದರಿಂದ ಹೀಗಾಯಿತು ಎಂದು ಗೊತ್ತಾದರೆ, ತಪ್ಪು ಮಾಡದಿದ್ದರೆ ಇನ್ನು ಹೀಗಾಗುವುದಿಲ್ಲ ಎಂಬ ಧೈರ್ಯ ಬರುತ್ತದೆ. ಎಚ್ಚರದಿಂದಿದ್ದವನನ್ನೂ ಸುಲಿಯಬಹುದು ಎಂಬ ಮಾತನ್ನು ಒಪ್ಪಿಕೊಂಡು ಮಲಗಿದರೆ ಯಾವ ತಾಯಿಗೂ ನಿದ್ದೆ ಬಾರದು.

ಮನಶ್ಶಾಸ್ತ್ರದಲ್ಲಿ ಇದಕ್ಕೆ ಹೊಂದುವ ಒಂದು ಹಳೆಯ ಪ್ರಯೋಗವಿದೆ. 1966ರಲ್ಲಿ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಪ್ರಕಟಿಸಿದ್ದು. ತಪ್ಪು ಉತ್ತರ ಹೇಳಿದಾಗಲೆಲ್ಲ ಒಬ್ಬ ಯುವತಿಗೆ ವಿದ್ಯುತ್ ಶಾಕ್ ಕೊಡುತ್ತಿರುವಂತೆ ನಟಿಸಿ, ಅದನ್ನು ವಿದ್ಯಾರ್ಥಿನಿಯರಿಗೆ ತೋರಿಸಿದರು. ಕೆಲವರಿಗೆ ಆ ಹಿಂಸೆಯನ್ನು ನಿಲ್ಲಿಸುವ ಅವಕಾಶವಿತ್ತು. ಅವರು ಆಕೆಯನ್ನು ಅಷ್ಟಾಗಿ ಹೀಗಳೆಯಲಿಲ್ಲ. ಇದು ಮುಂದುವರಿಯುತ್ತದೆ, ನೋಡುತ್ತ ಕೂರುವುದಷ್ಟೇ ನಿಮ್ಮ ಪಾಲಿಗೆ ಎಂದು ತಿಳಿದವರು ಮಾತ್ರ ಆಕೆಯನ್ನೇ ಕೀಳಾಗಿ ಕಂಡರು.

ಸಾವಿರಾರು ಮೈಲಿ ದೂರದಲ್ಲಿ ಫೋನ್ ಹಿಡಿದು ಕೂತ ಅಪ್ಪ ಅಮ್ಮಂದಿರ ಸ್ಥಿತಿ ಇದಕ್ಕಿಂತ ಬೇರೆಯಲ್ಲ ಎಂಬುದು ನನ್ನ ಅನಿಸಿಕೆ. ಪ್ರಯೋಗಶಾಲೆಯ ಮಾತನ್ನು ಮನೆಗೆ ನೇರವಾಗಿ ತಂದು ಅಂಟಿಸಬಾರದು, ನಿಜ. ಆದರೂ ನಾನು ಕಂಡಂತೆ, ಅದೇ ಊರಿನಲ್ಲಿರುವ ಗೆಳೆಯ ಓಡಿ ಬಂದು ನೀರು ಕೊಡುತ್ತಾನೆ, ಜೊತೆಗೆ ಠಾಣೆಗೆ ನಡೆಯುತ್ತಾನೆ. ಅವನಿಗೆ ಮಾಡಲು ಕೆಲಸವಿದೆ, ಹಾಗಾಗಿ ಪ್ರಶ್ನೆ ಕೇಳಲು ಪುರುಸೊತ್ತಿಲ್ಲ. ಏನೂ ಮಾಡಲಾಗದ ಅಪ್ಪನಿಗೆ ಉಳಿದಿರುವುದು ವಿಚಾರಣೆಯೊಂದೇ.

ಇದರ ಬೆನ್ನಿಗೇ "ನಾನು ಮೊದಲೇ ಹೇಳಿರಲಿಲ್ವಾ?" ಬರುತ್ತದೆ. ಹೇಳಿರುವುದಿಲ್ಲ. ಅಥವಾ ಹೇಳಿದ ನೂರು ಎಚ್ಚರಿಕೆಗಳಲ್ಲಿ ಅದೂ ಒಂದಾಗಿರುತ್ತದೆ. 1975ರಲ್ಲಿ ಬರೂಕ್ ಫಿಶಾಫ್ ಎಂಬ ಸಂಶೋಧಕರು ಬ್ರಿಟಿಷರಿಗೂ ಗೂರ್ಖಾಗಳಿಗೂ ನಡೆದ ಯುದ್ಧದ ವಿವರ ಓದಿಸಿ, ಒಂದೊಂದು ಗುಂಪಿಗೆ ಒಂದೊಂದು ಫಲಿತಾಂಶ ಹೇಳಿದರು. ಯಾರಿಗೆ ಯಾವುದನ್ನು ಹೇಳಿದ್ದರೋ ಅವರಿಗೆ ಅದೇ ಆಗುವ ಸಂಭವ ಹೆಚ್ಚಿತ್ತು ಅನ್ನಿಸಿತು. ಸುಲಿಗೆಯಾದ ಮೇಲೆ ಆ ರಸ್ತೆ ಎಲ್ಲರಿಗೂ ಅಪಾಯಕಾರಿಯಾಗಿಯೇ ಕಾಣುತ್ತದೆ. ಹಿಂದಿನ ದಿನ ಅದು ಬರೀ ರಸ್ತೆಯಾಗಿತ್ತು.

ಇನ್ನೊಂದು ಮಾತು, ಇದನ್ನು ಎಷ್ಟು ಸಲ ಹೇಳಿದರೂ ಮನೆಯವರ ತಲೆಗೆ ಹೋಗುವುದಿಲ್ಲ: ಅಲ್ಲಿಗ್ಯಾಕೆ ಹೋದೆ ಎಂಬ ಪ್ರಶ್ನೆಯನ್ನು ಸುಲಿಗೆಗೆ ಸಿಕ್ಕವನು ತನಗೆ ತಾನೇ ಆಗಲೇ ಕೇಳಿಕೊಂಡಾಗಿದೆ. ಠಾಣೆಯ ಬೆಂಚಿನ ಮೇಲೆ, ಸ್ನಾನದ ಮನೆಯಲ್ಲಿ, ಹಾಸಿಗೆಯಲ್ಲಿ. "ಆ ದಾರಿ ಹಿಡಿಯಬಾರದಿತ್ತು" ಎಂದು ತಾನೇ ಅಂದುಕೊಂಡರೆ ಅಂಥ ಕೇಡಿಲ್ಲ. ಮುಂದಿನ ಸಲ ಬೇರೆ ದಾರಿ ಹಿಡಿಯಬಹುದೆಂಬ ಹಿಡಿತವನ್ನು ಅದು ಕೆಲವರಿಗೆ ಕೊಡುತ್ತದೆ. ನಡತೆಯನ್ನು ದೂರಿಕೊಳ್ಳುವುದು ಬೇರೆ, ತನ್ನನ್ನೇ ದೂರಿಕೊಳ್ಳುವುದು ಬೇರೆ ಎಂದು ಮನಶ್ಶಾಸ್ತ್ರಜ್ಞೆ ರಾನಿ ಜನಾಫ್ ಬುಲ್ಮನ್ 1979ರಲ್ಲೇ ಬರೆದಿದ್ದರು. ನಂತರದ ಅಧ್ಯಯನಗಳೆಲ್ಲ ಇದನ್ನು ಒಂದೇ ತೆರನಾಗಿ ಒಪ್ಪಿಲ್ಲ, ಹಾಗಾಗಿ ನಾನೂ ಇದನ್ನು ವೇದವಾಕ್ಯ ಮಾಡುವುದಿಲ್ಲ. ಆದರೆ ಅದೇ ಮಾತು ಅಪ್ಪನ ಬಾಯಲ್ಲಿ ಬಂದಾಗ ದಾರಿಯ ಬಗ್ಗೆ ಉಳಿಯುವುದಿಲ್ಲ. "ನೀನು ಯಾವಾಗಲೂ ಹೀಗೇ, ಜವಾಬ್ದಾರಿ ಇಲ್ಲ" ಅನ್ನುವಲ್ಲಿಗೆ ಹೋಗಿ ನಿಲ್ಲುತ್ತದೆ.

"ಕೂಗಬಾರದಿತ್ತಾ? ಅವನ ಮುಖ ನೋಡ್ಲಿಲ್ವಾ?" ಎಂದು ಕೇಳುವ ಚಿಕ್ಕಪ್ಪಂದಿರಿಗೂ ಎರಡು ಮಾತು. ಭಯದಲ್ಲಿ ಮೈ ಮರಗಟ್ಟುವುದು, ದನಿ ಹೊರಡದಿರುವುದು ದೇಹದ ಸಹಜ ಪ್ರತಿಕ್ರಿಯೆ, ಹೇಡಿತನವಲ್ಲ. ಆಯುಧ ಎದುರಿಗಿದ್ದಾಗ ಕಣ್ಣು ಆಯುಧಕ್ಕೇ ಅಂಟಿಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರು 1987ರಲ್ಲಿ ನೋಡುಗರ ಕಣ್ಣಿನ ಚಲನೆಯನ್ನೇ ಅಳೆದು ಇದನ್ನು ತೋರಿಸಿದರು. ಅದೂ ಬರೀ ಸ್ಲೈಡುಗಳಲ್ಲಿದ್ದ ಬಂದೂಕು.

ಇಷ್ಟೆಲ್ಲ ಯಾಕೆ ಹೇಳುತ್ತೇನೆಂದರೆ, ಹೀಗೆ ಬೈಸಿಕೊಂಡವರು ಮುಂದಿನ ಸಲ ಹೇಳುವುದಿಲ್ಲ. ನನ್ನ ಬಳಿ ಬರುತ್ತಿದ್ದ ಹುಡುಗಿಯೊಬ್ಬಳು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಎರಡನೇ ಸಲ ಫೋನ್ ಕಳಕೊಂಡಾಗ ಮನೆಗೆ ಸುದ್ದಿಯನ್ನೇ ಕೊಡಲಿಲ್ಲ. ಅವಳ ಸಂಖ್ಯೆಯಿಂದಲೇ ಅಣ್ಣನಿಗೆ ಮೆಸೇಜ್ ಬಂತು, ತುರ್ತಾಗಿ ಹಣ ಬೇಕು ಎಂದು. ಕಳಿಸಿಬಿಟ್ಟ. ಕದ್ದ ಫೋನಿನಿಂದ ಮನೆಯವರಿಗೇ ಬಲೆ ಬೀಸುವುದು, ಫೋನ್ ಸಿಕ್ಕಿದೆ ಎಂದು ನಕಲಿ ಲಿಂಕ್ ಕಳಿಸಿ ಪಾಸ್‌ಕೋಡ್ ಲಪಟಾಯಿಸುವುದು ಈಗ ಮಾಮೂಲು. ಅವಳು ಒಂದು ಮಾತು ಮೊದಲೇ ತಿಳಿಸಿದ್ದರೆ ಸಾಕಿತ್ತು. ಹೇಳುವ ಧೈರ್ಯವನ್ನು ಹಿಂದಿನ ಸಲವೇ ಮನೆಯವರು ಕಸಿದುಕೊಂಡಿದ್ದರು.

"ಪರದೇಶದಲ್ಲಿ ಪೊಲೀಸ್ ಸಹವಾಸ ಬೇಡ, ದೂರು ಕೊಡಬೇಡ" ಎನ್ನುವ ಹಿರಿಯರೂ ಇದ್ದಾರೆ. ದಯವಿಟ್ಟು ಹೀಗೆ ಹೇಳಬೇಡಿ. ಪಾಸ್‌ಪೋರ್ಟ್ ಹೋಗಿದ್ದರೆ ರಾಯಭಾರ ಕಚೇರಿ ಸಾಮಾನ್ಯವಾಗಿ ದೂರಿನ ಪ್ರತಿ ಕೇಳುತ್ತದೆ, ವಿಮೆಯವರೂ ಕೇಳುತ್ತಾರೆ. ಕಳುವಾಗಿದೆ ಎಂದು ವರದಿಯಾದ ಪಾಸ್‌ಪೋರ್ಟ್ ರದ್ದಾಗುತ್ತದೆ. ದೇಶ ದೇಶಗಳ ಪೊಲೀಸರ ಒಕ್ಕೂಟವಾದ ಇಂಟರ್‌ಪೋಲ್ 2002ರಲ್ಲಿ ಶುರುಮಾಡಿದ, ಕಳುವಾದ ಪ್ರಯಾಣ ದಾಖಲೆಗಳ ಪಟ್ಟಿಯಲ್ಲೂ ಅದು ಸೇರಿರಬಹುದು. ಆಮೇಲೆ ಎಲ್ಲೋ ಸಿಕ್ಕಿತೆಂದು ಖುಷಿಯಿಂದ ಅದರಲ್ಲೇ ಪ್ರಯಾಣ ಹೊರಟರೆ ವಿಮಾನ ನಿಲ್ದಾಣದಲ್ಲಿ ತಡೆದು ನಿಲ್ಲಿಸುತ್ತಾರೆ.

ಹಾಗಾದರೆ ಏನು ಕೇಳಬೇಕು? ಪೆಟ್ಟಾಗಿದೆಯಾ, ಈಗ ಎಲ್ಲಿದ್ದೀಯ, ಇವತ್ತು ರಾತ್ರಿ ಜೊತೆಗೆ ಯಾರಿರ್ತಾರೆ, ಕೈಯಲ್ಲಿ ದುಡ್ಡಿದೆಯಾ. ದುಡ್ಡು ಕಳಿಸುವುದಾದರೆ ಉಪದೇಶ ಸೇರಿಸದೆ ಕಳಿಸಿ. ನಡೆದದ್ದನ್ನು ಅವನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಬಾಯಿ ಬಿಡಿಸಲು ಹೋಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ ಒತ್ತಾಯಿಸಿ ಕತೆ ಹೇಳಿಸಬೇಡಿ ಎನ್ನುತ್ತದೆ. "ಹೋಗ್ಲಿ ಬಿಡು, ಜೀವ ಉಳಿಯಿತಲ್ಲ" ಅನ್ನುವುದನ್ನೂ ಸ್ವಲ್ಪ ತಡಮಾಡಿ.

ಒಬ್ಬ ಅಮ್ಮನಿಗೆ ಈ ಪಥ್ಯ ಹೇಳಿದ್ದೆ. "ಕೇಳ್ಬಾರ್ದು ಅಂತ ಗೊತ್ತು ಮೇಡಂ, ಆದ್ರೆ ನಾಲಿಗೆ ತುದಿಗೇ ಬಂದ್ಬಿಡತ್ತೆ" ಅಂದರು. ಬಂದಾಗ ನನಗೆ ಫೋನ್ ಮಾಡಿ, ನನ್ನನ್ನೇ ಕೇಳಿ ಅಂದೆ. ನಿಜಕ್ಕೂ ಮಾಡುತ್ತಿದ್ದರು, ಪಾಪ.

ಮೊದಲ ಕೆಲವು ವಾರ ಬೆಚ್ಚಿಬೀಳುವುದು, ನಿದ್ದೆಗೆಡುವುದು, ಹಿಂದೆ ಹೆಜ್ಜೆ ಸಪ್ಪಳ ಕೇಳಿದರೆ ಎದೆ ಹೊಡೆದುಕೊಳ್ಳುವುದು ಇರುತ್ತದೆ. ಬಹಳಷ್ಟು ಜನರಲ್ಲಿ ತಾನಾಗಿ ಇಳಿಯುತ್ತದೆ. ತಿಂಗಳು ದಾಟಿದರೂ ದುಃಸ್ವಪ್ನ ನಿಲ್ಲದಿದ್ದರೆ, ಹೊರಗೆ ಕಾಲಿಡಲು ಆಗದಿದ್ದರೆ ಅಲ್ಲೇ ವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಬೇಕು. ಬದುಕೇ ಬೇಡ ಎಂಬ ಮಾತು ಬಂದರೆ ತಿಂಗಳು ಕಾಯಬೇಡಿ, ಅದೇ ದಿನ ಕಾಣಿಸಿ. "ಎಲ್ಲ ಬಿಟ್ಟು ಬಂದ್ಬಿಡು" ಎಂದು ಟಿಕೆಟ್ ಬುಕ್ ಮಾಡುವ ಆತುರವಿದ್ದರೆ ಮೊದಲು ಅವನನ್ನೇ ಕೇಳಿ. ಬರುತ್ತೇನೆ ಎಂದರೆ ಬುಕ್ ಮಾಡಿ. ಇರುತ್ತೇನೆ ಎಂದರೆ ಹೊಸ ಬೀಗದ ದುಡ್ಡು ಕಳಿಸಿ.