ಗ್ರೂಪಿನಲ್ಲಿ ಹಾಕಿದರೆ ಎಲ್ಲರಿಗೂ ಗೊತ್ತಾಯಿತೇ?

ಮುಂಬೈಯ ಮಾಟುಂಗದ ನಮ್ಮ ಬಿಲ್ಡಿಂಗಿನಲ್ಲಿ ಹೋದ ತಿಂಗಳು ಟ್ಯಾಂಕ್ ತೊಳೆಸಿದರು. ಹಿಂದಿನ ರಾತ್ರಿ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂತು: ನೀರು ತುಂಬಿಸಿಟ್ಟುಕೊಳ್ಳಿ. ಎದುರುಮನೆ ಅಜ್ಜಿಯ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ. ಬೆಳಗ್ಗೆ ಖಾಲಿ ಬಿಂದಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದರು. "ಒಂದು ಮಾತು ಹೇಳಬಾರದಿತ್ತೇನಮ್ಮಾ?" ಅಂದರು. ಕಮಿಟಿಯವರನ್ನು ಕೇಳಿದರೆ, "ಗ್ರೂಪಿನಲ್ಲಿ ಹಾಕಿದ್ದೆವಲ್ಲ" ಅಂದರು.

ಅಜ್ಜಿಗೆ ಹೇಳುವ ಹೊಣೆ ಯಾರದ್ದು? ಈ ಪ್ರಶ್ನೆಯಲ್ಲಿ ಮೂರು ಎಳೆಗಳಿವೆ: ಗೊತ್ತಿರುವುದು, ಮಾಡಬೇಕಾದ್ದು, ಮಾಡುವುದು. ತರ್ಕಶಾಸ್ತ್ರದಲ್ಲಿ ಈ ಮೂರಕ್ಕೂ ಬೇರೆ ಬೇರೆ ಕವಲುಗಳು ಬೆಳೆದವು. ಅವು ಬಹಳ ಕಾಲ ಒಂದನ್ನೊಂದು ಅಷ್ಟಾಗಿ ಮಾತಾಡಿಸಲಿಲ್ಲ. ಗೊತ್ತಿಲ್ಲದವರಿಗೆ ಹೊಣೆ ಇದೆಯೇ ಅನ್ನುವ ಗೋಜಲಿಗೆ ಅದೇ ಮೂಲ ಅಂತ ನನಗನ್ನಿಸುತ್ತದೆ.

ವೇದದ 'ಮಾಡು', 'ಮಾಡಬೇಡ' ಒಂದಕ್ಕೊಂದು ತಾಗಿದರೆ ಏನು ಗತಿ ಅಂತ ನಮ್ಮ ಮೀಮಾಂಸಕರು ಜೈಮಿನಿಯ ಕಾಲದಿಂದ ತಲೆಕೆಡಿಸಿಕೊಂಡಿದ್ದರು. ಆಧುನಿಕ ಕತೆ ಶುರುವಾಗುವುದು 1951ರಲ್ಲಿ. ಫಿನ್ಲೆಂಡಿನ ತತ್ತ್ವಜ್ಞಾನಿ ಫಾನ್ ವ್ರಿಕ್ಟ್ 'ಬೇಕು', 'ಬಹುದು', 'ಬಾರದು' ಇವಕ್ಕೆ ಸೂತ್ರ ಕೊಟ್ಟರು. 1962ರಲ್ಲಿ ಅವರ ಶಿಷ್ಯ ಹಿಂಟಿಕ್ಕಾ 'ಗೊತ್ತು' ಅನ್ನುವುದನ್ನು ಕೈಗೆತ್ತಿಕೊಂಡರು. 1976ರಲ್ಲಿ ಕಂಪ್ಯೂಟರ್ ವಿಜ್ಞಾನಿ ವಾನ್ ಪ್ರ್ಯಾಟ್, ಒಂದು ಕೆಲಸ ಮುಗಿದ ಮೇಲೆ ಏನು ನಿಜವಾಗಿರುತ್ತದೆ ಅಂತ ಲೆಕ್ಕ ಹಾಕುವ ತರ್ಕ ಕಟ್ಟಿದರು. ಅದು ಕಂಪ್ಯೂಟರ್ ಪ್ರೋಗ್ರಾಮುಗಳಿಗಾಗಿ.

ನಡುವೆ, 1963ರಲ್ಲಿ, ಅಮೆರಿಕದ ತತ್ತ್ವಜ್ಞಾನಿ ರೊಡೆರಿಕ್ ಚಿಜಮ್ ಒಂದು ತೊಡಕು ತೋರಿಸಿದರು. ಒಬ್ಬಾತ ನೆರೆಯವರ ಸಹಾಯಕ್ಕೆ ಹೋಗಬೇಕು. ಹೋಗುವುದಾದರೆ 'ಬರ್ತೀನಿ' ಅಂತ ಹೇಳಬೇಕು. ಹೋಗದಿದ್ದರೆ ಹಾಗೆ ಹೇಳಬಾರದು. ಆತ ಹೋಗುವುದಿಲ್ಲ. ನಾಲ್ಕೂ ದಿನಾ ಆಡುವ ಮಾತೇ, ಅಲ್ವಾ? ಆಗಿನ ಸೂತ್ರಕ್ಕೆ ಹಾಕಿದರೆ 'ಹೇಳಬೇಕು', 'ಹೇಳಬಾರದು' ಎರಡೂ ಒಟ್ಟಿಗೆ ಬರುತ್ತವೆ. ಇದನ್ನು ಬಿಡಿಸಲು ಹೋದವರು ಜಾಸ್ತಿ. ಆದರೆ 'ಹೋಗಬೇಕು ಅಂತ ಆತನಿಗೆ ಗೊತ್ತಿತ್ತೇ?' ಅನ್ನುವ ಪ್ರಶ್ನೆ ಬಹುಮಟ್ಟಿಗೆ ಪಕ್ಕದಲ್ಲೇ ಉಳಿಯಿತು.

ಅದನ್ನು ನೇರವಾಗಿ ಎತ್ತಿದ್ದು 2006ರಲ್ಲಿ ಗುಜರಾತ್ ಮೂಲದ ತರ್ಕಶಾಸ್ತ್ರಜ್ಞ ರೋಹಿತ್ ಪರೀಖ್, ಎರಿಕ್ ಪ್ಯಾಕ್ಯುಯಿಟ್, ಈವಾ ಕೋಗನ್. ಅವರ ಉದಾಹರಣೆ ಹೀಗಿದೆ: ಉಮಾ ಡಾಕ್ಟರು. ನೆರೆಮನೆಯವರಿಗೆ ಹುಷಾರಿಲ್ಲ, ಉಮಾಗೆ ಗೊತ್ತಿಲ್ಲ. ಹಾಗಾಗಿ ಸದ್ಯಕ್ಕೆ ಅವರ ಮೇಲೆ ಹೊಣೆ ಇಲ್ಲ. ಆ ನೆರೆಮನೆಯವರ ಮಗಳು ಬಂದು ಹೇಳಿದಳು, ಹೊಣೆ ಬಂತು. ಅಂದರೆ ಹೊಣೆ ಹುಟ್ಟಿದ್ದು ಆ ಹುಡುಗಿಯ ಮಾತಿನಿಂದ. ಮೂವರೂ ಇಲ್ಲಿಗೇ ನಿಲ್ಲಲಿಲ್ಲ, ಅದೇ ನನಗೆ ಇಷ್ಟ. ಆಸ್ಪತ್ರೆಯಲ್ಲಿ ಮಲಗಿರುವ ರೋಗಿಗೆ ಹೃದಯಾಘಾತವಾದರೆ, 'ನಮಗೆ ಗೊತ್ತಿರಲಿಲ್ಲ' ಅಂತ ಆಸ್ಪತ್ರೆ ಹೇಳುವ ಹಾಗಿಲ್ಲ. ಅಲ್ಲಿ ತಿಳಿದುಕೊಂಡಿರುವುದೇ ಕರ್ತವ್ಯ.

ಹಾಗಾದರೆ ಅಜ್ಜಿಯ ವಿಷಯ? ಅವರಿಗೆ ಗೊತ್ತಿಲ್ಲ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ, ಆದ್ದರಿಂದ ನಮ್ಮೆಲ್ಲರದ್ದೂ ಉಮಾನ ಮೊದಲ ಸ್ಥಿತಿ ಅಂತ ವಾದಿಸಬಹುದು. ನನಗೆ ಒಪ್ಪಿಗೆಯಾಗುವುದಿಲ್ಲ. ಗ್ರೂಪಿನಲ್ಲಿ ಯಾರಿದ್ದಾರೆ, ಯಾರಿಲ್ಲ ಅನ್ನುವ ಪಟ್ಟಿ ನೋಡಲು ಅರ್ಧ ನಿಮಿಷ ಸಾಕು. ಆ ಪಟ್ಟಿ ನನ್ನ ಫೋನಿನಲ್ಲೂ ಇತ್ತು.